ಬೆಂಗಳೂರು ಬ್ಲೂ ದ್ರಾಕ್ಷಿ ಮತ್ತು ಅದರ ವೈನ್: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೃಷಿಕರು ನಾಟಿಗೆ ಮುನ್ನ ತಿಳಿಯಬೇಕಾದದ್ದು

ಕೊಳೆರೋಗ ಮತ್ತು ಎಲೆಚುಕ್ಕಿ ರೋಗದಿಂದ ಅಡಿಕೆಯ ಇಳುವರಿ ಕುಸಿದಿರುವ ದಕ್ಷಿಣ ಕನ್ನಡದಲ್ಲಿ ಕೃಷಿಕರು ಬೇರೆ ಬೆಳೆಗಳತ್ತ ನೋಡುತ್ತಿರುವುದು ಸಹಜ. ಬೆಳ್ತಂಗಡಿಯ ತೋಟಗಳಲ್ಲಿ ರಂಬುಟಾನ್, ಮ್ಯಾಂಗೊಸ್ಟಿನ್ ಈಗಾಗಲೇ ನೆಲೆಯೂರಿವೆ. ಇದೇ ಸಾಲಿನಲ್ಲಿ ವೈನ್ ದ್ರಾಕ್ಷಿಯ ಬಗೆಗೂ ವಿಚಾರಿಸುವವರಿದ್ದಾರೆ. ಅದಕ್ಕೊಂದು ಸ್ಥಳೀಯ ಕಾರಣವೂ ಇದೆ. ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್‌ಮಸ್ ಕುಸ್ವಾರ್‌ನ ಜೊತೆಗೆ ಕಪ್ಪು ದ್ರಾಕ್ಷಿಯ ಸಿಹಿ ವೈನ್ ಇರುವುದು ಹಳೆಯ ರೂಢಿ. ಆ ವೈನ್‌ಗೆ ಬಳಕೆಯಾಗುವ ಹಣ್ಣು ಬಹುಮಟ್ಟಿಗೆ ಘಟ್ಟದ ಮೇಲಿನ ಬೆಂಗಳೂರು ಬ್ಲೂ. ಇಲ್ಲಿ ಬೇಡಿಕೆಯಿರುವ ಹಣ್ಣನ್ನು ಇಲ್ಲಿಯೇ ಏಕೆ ಬೆಳೆಯಬಾರದು ಎಂಬುದು ನ್ಯಾಯವಾದ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೆಂಗಳೂರು ಬ್ಲೂ ಬಳ್ಳಿ ನಿಮ್ಮ ಅಂಗಳದ ಚಪ್ಪರದಲ್ಲಿ ಬದುಕುತ್ತದೆ, ಆರೈಕೆ ಮಾಡಿದರೆ ಮನೆ ಬಳಕೆಗೆ ಹಣ್ಣನ್ನೂ ಕೊಡುತ್ತದೆ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಆದಾಯದ ಬೆಳೆಯಾಗಿ ಅದನ್ನು ಎಕರೆಗಟ್ಟಲೆ ನಾಟಿ ಮಾಡುವುದು ಸೂಕ್ತವಲ್ಲ. ಕಾರಣ ಮಣ್ಣಲ್ಲ, ಮಾರುಕಟ್ಟೆಯೂ ಅಲ್ಲ. ಮಳೆ ಬೀಳುವ ತಿಂಗಳುಗಳು ಮತ್ತು ಬಳ್ಳಿಯ ಮೊಗ್ಗು ಕಾಯಿಕಟ್ಟಲು ಸಿದ್ಧವಾಗುವ ತಿಂಗಳುಗಳು ಒಂದೇ ಆಗಿರುವುದು. ಇದು ಹೇಗೆ ಎಂಬುದನ್ನು ತಿಳಿಯಬೇಕಾದರೆ ತಳಿಯನ್ನೇ ಮೊದಲು ಅರಿಯಬೇಕು.

ತಳಿಯ ಹಿನ್ನೆಲೆ

ಪ್ರಪಂಚದಲ್ಲಿ ಹೆಸರಾದ ವೈನ್ ದ್ರಾಕ್ಷಿಗಳಾದ ಕ್ಯಾಬರ್ನೆ ಸಾವಿನ್ಯೋನ್, ಶಿರಾಜ್ ಮುಂತಾದವು ಯುರೋಪ್ ಮೂಲದ ‘ವಿಟಿಸ್ ವಿನಿಫೆರಾ’ ಪ್ರಭೇದಕ್ಕೆ ಸೇರಿವೆ. ಬೆಂಗಳೂರು ಬ್ಲೂ ಹಾಗಲ್ಲ. ಅದು ಉತ್ತರ ಅಮೆರಿಕದ ಕಾಡುದ್ರಾಕ್ಷಿಯಾದ ‘ವಿಟಿಸ್ ಲಾಬ್ರುಸ್ಕಾ’ದ ಸಂತತಿ. ಅಮೆರಿಕದಲ್ಲಿ 1816ರ ಸುಮಾರಿಗೆ ಪ್ರಚಾರಕ್ಕೆ ಬಂದು ಮುಂದೆ ಜಗತ್ತಿನಾದ್ಯಂತ ಹರಡಿದ ‘ಇಸಬೆಲ್ಲಾ’ ಎಂಬ ತಳಿಗೂ ಇದಕ್ಕೂ ಅತ್ಯಂತ ಹತ್ತಿರದ ಸಂಬಂಧವಿದೆ. ಎರಡೂ ಒಂದೇ ಎಂದು ಬರೆಯುವ ತಜ್ಞರೂ ಇದ್ದಾರೆ. ಬೆಂಗಳೂರಿನ ಸುತ್ತಮುತ್ತ ಇದರ ಕೃಷಿಗೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರ ಭಾಗದ ಕಲ್ಲುಕಂಬದ ಚಪ್ಪರಗಳಲ್ಲಿ ಇದು ವರ್ಷಕ್ಕೆ ಎರಡು ಫಸಲು ಕೊಡುತ್ತದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಆದುದರಿಂದ ಕರಾವಳಿಯಲ್ಲಿ ಇದೇ ಬಳ್ಳಿಯನ್ನು ಬೆಳೆದರೂ ಆ ಹಣ್ಣನ್ನು ಸೂಚ್ಯಂಕದ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಹಣ್ಣನ್ನು ನೀವು ನೋಡಿಯೇ ಇರುತ್ತೀರಿ. ಗೊಂಚಲು ಚಿಕ್ಕದು, ಕಾಯಿಗಳು ಕಡುನೇರಳೆ, ಮೇಲೆ ಮಾಸಲು ಬೂದಿಯಂಥ ಮೇಣದ ಲೇಪ. ಬೆರಳಿನಿಂದ ಒತ್ತಿದರೆ ಸಿಪ್ಪೆ ಒಂದೆಡೆ, ತಿರುಳು ಇನ್ನೊಂದೆಡೆ ಜಾರುತ್ತದೆ. ಒಳಗೆ ಬೀಜವಿರುತ್ತದೆ. ಈ ಜಾರುವ ಸಿಪ್ಪೆ ಮತ್ತು ದೂರಕ್ಕೇ ತಿಳಿಯುವ ಘಮ ಲಾಬ್ರುಸ್ಕಾ ಜಾತಿಯ ಗುರುತು. ಘಮಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತ. ಅಂಗಡಿಯ ‘ದ್ರಾಕ್ಷಿ ಪರಿಮಳ’ದ ಚಾಕೊಲೇಟು, ಶರಬತ್ತುಗಳಲ್ಲಿ ಇರುವುದೂ ಇದೇ.

ವೈನ್‌ನ ಗುಣ

ಯುರೋಪಿನ ವೈನ್ ಪರಿಣತರು ಈ ಘಮವನ್ನು ಮೆಚ್ಚುವುದಿಲ್ಲ. ಅದನ್ನು ನರಿಯ ವಾಸನೆಗೆ ಹೋಲಿಸುವ ಪದವೇ ಅವರಲ್ಲಿದೆ. ಫ್ರಾನ್ಸ್ ದೇಶವು 1930ರ ದಶಕದಲ್ಲಿ ಇಸಬೆಲ್ಲಾ ಸೇರಿದಂತೆ ಆರು ಅಮೆರಿಕ ಮೂಲದ ತಳಿಗಳನ್ನು ನಿಷೇಧಿಸಿತು. ಮೆಥನಾಲ್ ಹೆಚ್ಚು ಬರುತ್ತದೆ ಎಂಬ ಆಕ್ಷೇಪ ಇದಕ್ಕೆ ಜೊತೆಯಾಗಿತ್ತಾದರೂ, ಆ ಕಾಲದಲ್ಲಿ ಅಲ್ಲಿ ವೈನ್ ಅಧಿಕ ಉತ್ಪಾದನೆಯಾಗಿ ಬೆಲೆ ಕುಸಿದಿದ್ದುದೂ ಅಷ್ಟೇ ಮುಖ್ಯ ಕಾರಣವಾಗಿತ್ತು. ಅತ್ತ ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಲ್ಲಿ ಇದೇ ದ್ರಾಕ್ಷಿಯ ವೈನ್‌ಗೆ ‘ಪರಿಮಳದ ವೈನ್’ ಎಂಬ ಅರ್ಥದ ಹೆಸರಿದೆ. ಬ್ರೆಜಿಲ್‌ನ ದಕ್ಷಿಣ ಭಾಗದಲ್ಲಿ ಸಾಮಾನ್ಯ ಜನರ ವೈನ್ ಮತ್ತು ದ್ರಾಕ್ಷಾರಸ ಎರಡಕ್ಕೂ ಇಸಬೆಲ್ಲಾವೇ ಆಧಾರ. ರುಚಿ ರೂಢಿಯನ್ನು ಅವಲಂಬಿಸಿದ್ದು. ನಮ್ಮ ಕರಾವಳಿಯ ಮನೆಗಳಲ್ಲಿ ‘ವೈನ್’ ಎಂದರೆ ನೆನಪಾಗುವುದು ಈ ಘಮವೇ ಆದ್ದರಿಂದ ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ತಾಂತ್ರಿಕವಾಗಿ ನೋಡಿದರೆ ಇದರ ನಿಜವಾದ ಕೊರತೆ ಸಕ್ಕರೆ. ಮಾಗಿದ ಹಣ್ಣಿನಲ್ಲಿ ಕರಗಿದ ಘನಾಂಶ 16ರಿಂದ 18 ಡಿಗ್ರಿ ಬ್ರಿಕ್ಸ್ ಇರುತ್ತದೆ. ಒಂದು ಡಿಗ್ರಿ ಬ್ರಿಕ್ಸ್‌ನಿಂದ ಸುಮಾರು 0.55ರಷ್ಟು ಶೇಕಡಾ ಮದ್ಯಸಾರ ಉಂಟಾಗುತ್ತದೆ ಎಂದು ಲೆಕ್ಕ ಹಿಡಿದರೆ, 17 ಬ್ರಿಕ್ಸ್‌ನ ರಸದಿಂದ ದೊರೆಯುವುದು ಶೇ. 9ರಿಂದ 9.5 ಮಾತ್ರ. ವೈನ್ ಕೆಡದೆ ನಿಲ್ಲಲು ಶೇ. 11–12 ಇದ್ದರೆ ಅನುಕೂಲ. ಹೀಗಾಗಿ ತಯಾರಕರು ರಸಕ್ಕೆ ಸಕ್ಕರೆ ಸೇರಿಸುತ್ತಾರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಶೇ. 1ರಷ್ಟು ಮದ್ಯಸಾರವನ್ನು ಹೆಚ್ಚಿಸುತ್ತದೆ. ಹುಳಿ ಹೆಚ್ಚು, ಒಗರು ಕಡಿಮೆ, ಬಣ್ಣ ಚೆನ್ನ. ಇಂಥ ವೈನ್ ವರ್ಷಗಟ್ಟಲೆ ಇಟ್ಟು ಪಕ್ವಗೊಳಿಸುವಂಥದ್ದಲ್ಲ, ಎಳೆಯದಿರುವಾಗಲೇ ಬಳಸುವಂಥದ್ದು. ಗೋವಾದ ಸಿಹಿ ‘ಪೋರ್ಟ್’ ವೈನ್‌ಗಳಿಗೆ ಬೆಂಗಳೂರು ಬ್ಲೂ ಹಣ್ಣು ದೀರ್ಘಕಾಲದಿಂದ ಬಳಕೆಯಾಗುತ್ತಿರುವುದು ಇದೇ ಕಾರಣಕ್ಕೆ: ಸಿಹಿ ಮತ್ತು ಹೆಚ್ಚುವರಿ ಮದ್ಯಸಾರ ಸೇರಿದಾಗ ಹುಳಿ ಹದಕ್ಕೆ ಬರುತ್ತದೆ.

ಕರ್ನಾಟಕದಲ್ಲಿ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಜಾರಿಯಾದ ಬಳಿಕ ನಂದಿ ಕಣಿವೆ, ಕೃಷ್ಣಾ ಕಣಿವೆಗಳಲ್ಲಿ ವೈನರಿಗಳು ಬೆಳೆದವು. ಆದರೆ ಬಾಟಲಿಗೆ ಉತ್ತಮ ಬೆಲೆ ಸಿಗುವ ವೈನ್‌ಗಳು ಹೆಚ್ಚಾಗಿ ಫ್ರೆಂಚ್ ತಳಿಗಳವು. ಬೆಂಗಳೂರು ಬ್ಲೂ ಕಡಿಮೆ ಬೆಲೆಯ ಸಿಹಿ ವೈನ್ ಮತ್ತು ರಸದ ಕಚ್ಚಾವಸ್ತುವಾಗಿಯೇ ಉಳಿದಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದನ್ನು ತಾಯಿಯಾಗಿಟ್ಟು ತಳಿಗಳನ್ನು ರೂಪಿಸಿದೆ. ಬೆಂಗಳೂರು ಬ್ಲೂ ಮತ್ತು ಬ್ಲ್ಯಾಕ್ ಚಂಪಾ ಸಂಕರದಿಂದ ಬಂದ ಅರ್ಕಾ ಶ್ಯಾಮ್ ಅವುಗಳಲ್ಲೊಂದು. ಇದರಲ್ಲಿ ಸಕ್ಕರೆ ಹೆಚ್ಚು, ಲಾಬ್ರುಸ್ಕಾ ಘಮ ಸೌಮ್ಯ. ವೈನ್ ದೃಷ್ಟಿಯಿಂದ ತಾಯಿಗಿಂತ ಮಗಳೇ ಮೇಲು ಎನ್ನಬಹುದು. ಆದರೂ ಬಹಳಷ್ಟು ರೈತರಿಗೆ ಇದರ ಹೆಸರು ತಿಳಿದಿಲ್ಲ.

ಮಳೆಗಾಲ ಮತ್ತು ಬಳ್ಳಿಯ ವರ್ಷ

ದೇವನಹಳ್ಳಿ, ಚಿಕ್ಕಬಳ್ಳಾಪುರ ಭಾಗದಲ್ಲಿ ವರ್ಷಕ್ಕೆ ಸುಮಾರು 700–800 ಮಿ.ಮೀ. ಮಳೆ. ದಕ್ಷಿಣ ಕನ್ನಡದಲ್ಲಿ ಸುಮಾರು 4,000 ಮಿ.ಮೀ.; ಚಾರ್ಮಾಡಿಯ ಬುಡದ ಬೆಳ್ತಂಗಡಿಯ ಊರುಗಳಲ್ಲಿ ಅದಕ್ಕೂ ಹೆಚ್ಚು. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ.

ಮಳೆ ಹೆಚ್ಚು ಎಂದ ಮಾತ್ರಕ್ಕೆ ಬಳ್ಳಿ ಸಾಯುವುದಿಲ್ಲ. ಕಪ್ಪು ಸಮುದ್ರದ ದಡದಲ್ಲಿರುವ ಜಾರ್ಜಿಯಾ ದೇಶದ ಬಟೂಮಿಯಲ್ಲಿ ಸುಮಾರು 2,500 ಮಿ.ಮೀ. ಮಳೆಯಾದರೂ ಅಲ್ಲಿ ಮನೆಮನೆಯ ಚಪ್ಪರದಲ್ಲಿ ಇಸಬೆಲ್ಲಾ ಇದೆ. ಆದರೆ ಅಲ್ಲಿನ ಮಳೆ ವರ್ಷವಿಡೀ ಹಂಚಿಹೋಗಿದೆ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಆದ್ದರಿಂದ ಬಳ್ಳಿಗೆ ವಿಶ್ರಾಂತಿ ಮತ್ತು ಹೊಸ ಚಿಗುರು ಎರಡನ್ನೂ ಸವರುವಿಕೆಯಿಂದಲೇ ಕೊಡಬೇಕು. ವಿಜಯಪುರದ ಬೆಳೆಗಾರರು ಇದನ್ನು ‘ಚಾಟ್ನಿ’ ಎನ್ನುತ್ತಾರೆ: ಏಪ್ರಿಲ್‌ನಲ್ಲಿ ಒಮ್ಮೆ ಗಿಡ್ಡವಾಗಿ ಸವರಿ ಕಡ್ಡಿ ಬೆಳೆಸುವುದು, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಸವರಿ ಫಸಲು ಪಡೆಯುವುದು.

ಇಲ್ಲಿಯೇ ಕರಾವಳಿಯ ತೊಡಕು ಇದೆ. ದ್ರಾಕ್ಷಿಯ ಗೊಂಚಲು ಸವರಿದ ನಂತರ ಹೊಸದಾಗಿ ಹುಟ್ಟುವುದಿಲ್ಲ. ಹಿಂದಿನ ಬೆಳವಣಿಗೆಯ ಕಾಲದಲ್ಲಿಯೇ ಕಡ್ಡಿಯ ಮೊಗ್ಗಿನೊಳಗೆ ಅದರ ಮೊಳಕೆ ರೂಪುಗೊಂಡಿರುತ್ತದೆ. ಏಪ್ರಿಲ್‌ನಲ್ಲಿ ಸವರಿದರೆ ಸುಮಾರು 40ರಿಂದ 75 ದಿನಗಳ ನಡುವೆ ಈ ಕ್ರಿಯೆ ನಡೆಯುತ್ತದೆ. ಆ ಅವಧಿಯಲ್ಲಿ ಎಲೆ ಮತ್ತು ಮೊಗ್ಗಿನ ಮೇಲೆ ಬಿಸಿಲು ಚೆನ್ನಾಗಿ ಬೀಳಬೇಕು. ವಿಜಯಪುರದಲ್ಲಿ ಮೇ, ಜೂನ್ ತಿಂಗಳಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಬಂಟ್ವಾಳದಲ್ಲಿ ಆ ದಿನಗಳಿಗೆ ಸರಿಯಾಗಿ ಮುಂಗಾರು ಕವಿದಿರುತ್ತದೆ. ಮೋಡದ ಕೆಳಗೆ ಬೆಳೆದ ಮೊಗ್ಗು ಹೂಗೊಂಚಲಿನ ಬದಲು ಬರಿಯ ಬಳ್ಳಿಕುಡಿಯಾಗಿಯೋ ಚಿಗುರಾಗಿಯೋ ಉಳಿಯುತ್ತದೆ. ಅಕ್ಟೋಬರ್‌ನಲ್ಲಿ ಸವರಿದಾಗ ಸೊಂಪಾದ ಹಸಿರು ಬರುತ್ತದೆ, ಗೊಂಚಲು ಬೆರಳೆಣಿಕೆಯಷ್ಟು. ‘ಬಳ್ಳಿ ಚೆನ್ನಾಗಿ ಹಬ್ಬಿದೆ, ಕಾಯಿ ಮಾತ್ರ ಇಲ್ಲ’ ಎಂದು ಹೇಳುವ ಕೃಷಿಕರು ಗೊಬ್ಬರವನ್ನು ದೂರುವ ಮೊದಲು ಜೂನ್ ತಿಂಗಳ ಆಕಾಶವನ್ನು ನೆನೆಯಬೇಕು. ಗೊಬ್ಬರ ಹೆಚ್ಚಿಸಿದರೆ ಹಸಿರು ಇನ್ನಷ್ಟು ದಟ್ಟವಾಗಿ, ಒಳಗಿನ ಮೊಗ್ಗಿಗೆ ನೆರಳು ಇನ್ನೂ ಹೆಚ್ಚಾಗುತ್ತದೆ.

ಎರಡನೆಯ ತೊಡಕು ಬೂಜು ತುಪ್ಪಟ ರೋಗ. ಉತ್ತರ ಕರ್ನಾಟಕದ ಬೆಳೆಗಾರರ ಬಾಯಲ್ಲಿ ಇದು ‘ದಾವಣಿ’. ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಬಿದ್ದಂಥ ಹಳದಿ ಕಲೆ, ಅದರ ಅಡಿಯಲ್ಲಿ ಬಿಳಿ ಬೂಜು ಕಾಣಿಸಿ ಕ್ರಮೇಣ ಎಲೆ ಉದುರುತ್ತದೆ. ಬೆಂಗಳೂರು ಬ್ಲೂ ಚಿಬ್ಬು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆಯಾದರೂ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ‘ಗಟ್ಟಿ ತಳಿ, ರೋಗವೇ ಬರುವುದಿಲ್ಲ’ ಎಂಬ ನರ್ಸರಿಯ ಮಾತು ಅರ್ಧ ಮಾತ್ರ ನಿಜ.

ಅಡಿಕೆ ಬೆಳೆಗಾರರಿಗೆ ಈ ರೋಗದ ಸ್ವಭಾವ ಹೊಸದೇನಲ್ಲ. ಬೂಜು ತುಪ್ಪಟ ರೋಗದ ಜೀವಿಯೂ ಕೊಳೆರೋಗದ ಫೈಟೊಫ್ಥೊರಾವೂ ಒಂದೇ ವರ್ಗಕ್ಕೆ ಸೇರಿದವು; ಎರಡಕ್ಕೂ ಬೇಕಾದದ್ದು ಒದ್ದೆ. ನೀವು ಪ್ರತಿ ಮಳೆಗಾಲ ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಮೂಲತಃ ದ್ರಾಕ್ಷಿಗಾಗಿಯೇ ಹುಟ್ಟಿದ್ದು. ಫ್ರಾನ್ಸ್‌ನ ಬೋರ್ಡೋ ಪ್ರದೇಶದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಜನ ಕದಿಯದಿರಲೆಂದು ಮೈಲುತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. ಆ ಸಾಲುಗಳಲ್ಲಿ ರೋಗವಿಲ್ಲದಿರುವುದನ್ನು ಕಂಡ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ರೋಗನಾಶಕವೆಂದು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು. ಆದರೆ ಅಡಿಕೆಗೂ ದ್ರಾಕ್ಷಿಗೂ ಒಂದು ವ್ಯತ್ಯಾಸವಿದೆ. ಅಡಿಕೆಯಲ್ಲಿ ಗೊನೆಯನ್ನು ಕಾಪಾಡಿದರೆ ಸಾಕು. ಮಳೆಗಾಲದಲ್ಲಿ ಎರಡು ಮೂರು ಸಿಂಪರಣೆಯಲ್ಲಿ ಅದು ಮುಗಿಯುತ್ತದೆ. ದ್ರಾಕ್ಷಿಯಲ್ಲಿ ವಾರವಾರವೂ ಬರುವ ಪ್ರತಿಯೊಂದು ಹೊಸ ಎಲೆಯನ್ನೂ ಕಾಪಾಡಬೇಕು. ಬೆಳ್ತಂಗಡಿಯ ಜುಲೈನಲ್ಲಿ ಸಿಂಪಡಿಸಲು ಬಿಡುವು ಸಿಗುವ ದಿನಗಳೆಷ್ಟು ಎಂಬುದು ನಿಮಗೇ ಗೊತ್ತು.

ಮಳೆ ನಿಂತ ಬಳಿಕದ ಕಾಲವೂ ಪೂರ್ಣ ಅನುಕೂಲಕರವಲ್ಲ. ನವೆಂಬರ್‌ನಲ್ಲಿ ಸವರಿದರೆ ಹಣ್ಣು ಮಾಗುವುದು ಮಾರ್ಚ್–ಏಪ್ರಿಲ್‌ನಲ್ಲಿ. ಆಗ ಕರಾವಳಿಯ ರಾತ್ರಿಗಳು ಬೆಚ್ಚಗಿರುತ್ತವೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಸೀಮೆಯಲ್ಲಿ ತಂಪು ರಾತ್ರಿಗಳು ಸಿಪ್ಪೆಗೆ ಬಣ್ಣ ಕೊಡುತ್ತವೆ. ಇಲ್ಲಿ ಕಾಯಿ ಸಿಹಿಯಾದರೂ ಕೆಲವು ಕೆಂಪಾಗಿಯೇ ಉಳಿದು ಗೊಂಚಲು ಒಂದೇ ಸಮನೆ ಬಣ್ಣಗಟ್ಟುವುದಿಲ್ಲ. ಕೆಂಪು ವೈನ್‌ಗೆ ಬಣ್ಣವೆಲ್ಲ ಸಿಪ್ಪೆಯಿಂದಲೇ ಬರುವುದರಿಂದ ಇದು ಸಣ್ಣ ಕೊರತೆಯಲ್ಲ.

ಮಣ್ಣಿನ ಬಗ್ಗೆ ಮಾತ್ರ ಹೆಚ್ಚು ಚಿಂತಿಸಬೇಕಾಗಿಲ್ಲ. ನಮ್ಮ ಜಂಬಿಟ್ಟಿಗೆಯ ಹುಳಿಮಣ್ಣನ್ನು ಲಾಬ್ರುಸ್ಕಾ ಜಾತಿ ಯುರೋಪಿನ ತಳಿಗಳಿಗಿಂತ ಚೆನ್ನಾಗಿ ಸಹಿಸುತ್ತದೆ. ಸುಣ್ಣ ಕೊಟ್ಟು ನೀರು ಬಸಿದುಹೋಗುವಂತೆ ನೋಡಿಕೊಂಡರೆ ಸಾಕು.

ಅಂಗಳದಲ್ಲಿ ಬೆಳೆಸುವುದಾದರೆ

ಮನೆ ಬಳಕೆಗೆ ಒಂದೆರಡು ಬಳ್ಳಿ ಬೆಳೆಸುವ ಆಸೆಯಿದ್ದವರು ಧಾರಾಳವಾಗಿ ಬೆಳೆಸಬಹುದು. ಬೆಂಗಳೂರು ಬ್ಲೂ ಬಲಿತ ಕಡ್ಡಿಯಿಂದ ಸುಲಭವಾಗಿ ಬೇರು ಬಿಡುತ್ತದೆ. ನಾಲ್ಕು ಗೆಣ್ಣಿನ, ಪೆನ್ಸಿಲ್ ದಪ್ಪದ ಕಡ್ಡಿಯನ್ನು ಪಾಲಿಥೀನ್ ಚೀಲದಲ್ಲಿ ಊರಿ ಗಿಡ ಮಾಡಿಕೊಳ್ಳಬಹುದು. ದುಬಾರಿ ಗಿಡ ಕೊಳ್ಳುವ ಅಗತ್ಯವಿಲ್ಲ. ದಿನವಿಡೀ ಬಿಸಿಲು ಬೀಳುವ ಜಾಗ, ನೆಲದಿಂದ ಒಂದಡಿ ಎತ್ತರದ ದಿಬ್ಬ, ಅದರ ಮೇಲೆ ನಾಟಿ. ಅಡಿಕೆ ತೋಟದ ಒಳಗೆ, ತೆಂಗಿನ ಬುಡದಲ್ಲಿ ನೆಟ್ಟರೆ ಬರಿಯ ಎಲೆ ಸಿಗುತ್ತದೆ.

ಚಪ್ಪರದ ಮೇಲೆ ಪಾರದರ್ಶಕ ಪಾಲಿಥೀನ್ ಹಾಳೆಯ ಇಳಿಜಾರು ಮಾಡು ಹಾಕುವುದು ಎಲ್ಲಕ್ಕಿಂತ ಉಪಯುಕ್ತ. ತರಕಾರಿಗೆ ಮಾಡುವ ಮಳೆ ಆಸರೆಯಂಥದ್ದೇ ಇದು. ಎಲೆ ಒದ್ದೆಯಾಗದಿದ್ದರೆ ಬೂಜು ತುಪ್ಪಟ ರೋಗಕ್ಕೆ ದಾರಿಯೇ ಇಲ್ಲದಂತಾಗುತ್ತದೆ. ಬದಿಗಳನ್ನು ತೆರೆದಿಡಿ, ಗಾಳಿಯಾಡದಿದ್ದರೆ ಬೂದಿ ರೋಗ ಬರುತ್ತದೆ. ಬಿಸಿಲಿನ ಕೊರತೆಯನ್ನು ಮಾತ್ರ ಮಾಡು ನೀಗಿಸುವುದಿಲ್ಲ. ಆದ್ದರಿಂದ ಬೇಸಿಗೆಯ ಸವರುವಿಕೆಯನ್ನು ಏಪ್ರಿಲ್‌ಗೆ ಕಾಯದೆ, ಹಣ್ಣು ಮುಗಿದ ಕೂಡಲೇ ಮುಗಿಸುವುದು ಮೇಲು. ಮಾರ್ಚ್‌ನಲ್ಲಿ ಸವರಿದರೆ ಮೊಗ್ಗು ರೂಪುಗೊಳ್ಳುವ ದಿನಗಳಲ್ಲಿ ಸಾಕಷ್ಟು ಭಾಗ ಮೇ ತಿಂಗಳ ಬಿಸಿಲಿಗೆ ಸಿಗುತ್ತದೆ. ಇದಕ್ಕಾಗಿ ಮಳೆಗಾಲದ ನಂತರದ ಸವರುವಿಕೆಯೂ ಅಕ್ಟೋಬರ್‌ನಲ್ಲೇ, ಮಳೆ ಬಿಟ್ಟ ತಕ್ಷಣ, ಆಗಬೇಕು. ಚಿಗುರು ದಟ್ಟವಾದಾಗ ಒಂದನ್ನು ಬಿಟ್ಟು ಒಂದನ್ನು ತೆಗೆದು ಒಳಗೆ ಬೆಳಕು ಬೀಳುವಂತೆ ಮಾಡಿ.

ಬೋರ್ಡೋ ಸಿಂಪಡಿಸುವುದಾದರೆ ಅಡಿಕೆಗೆ ಬಳಸುವ ಶೇ. 1ರ ದ್ರಾವಣ ಎಳೆ ಚಿಗುರನ್ನು ಸುಡಬಹುದು. ಅದರ ಅರ್ಧ ಪ್ರಮಾಣ ಸಾಕು. ಕಬ್ಬಿಣದ ಚೂರಿಯನ್ನು ಅದ್ದಿ ನೋಡುವ ಪರೀಕ್ಷೆ ಇಲ್ಲಿಯೂ ಅನ್ವಯ: ಕೆಂಪು ಕಟ್ಟಿದರೆ ಸುಣ್ಣ ಕಡಿಮೆಯಾಗಿದೆ. ಕಾಯಿ ಬಣ್ಣ ತಿರುಗಲು ತೊಡಗಿದ ಮೇಲೆ ತಾಮ್ರದ ಸಿಂಪರಣೆ ಬೇಡ. ತಾಮ್ರದ ಶೇಷ ಆರೋಗ್ಯಕ್ಕೂ ಒಳ್ಳೆಯದಲ್ಲ, ಹುದುಗುವಿಕೆಯನ್ನೂ ತಡೆಯುತ್ತದೆ. ಹಣ್ಣಾಗುವ ಹೊತ್ತಿಗೆ ಬಾವಲಿ ಮತ್ತು ಹಕ್ಕಿಗಳಿಗೆ ಬಲೆ ಹಾಕಲೇಬೇಕು.

ಈಗಾಗಲೇ ಹೆಚ್ಚು ಬಳ್ಳಿ ನಾಟಿ ಮಾಡಿದವರು ತಕ್ಷಣ ಕಿತ್ತುಹಾಕಬೇಕಾಗಿಲ್ಲ. ಸವರಿ ತೆಗೆದ ಕಡ್ಡಿಗಳ ಪೈಕಿ ಕೆಲವನ್ನು ನೀರಿನ ಲೋಟದಲ್ಲಿ ನಿಲ್ಲಿಸಿ ಚಿಗುರಿಸಿ ನೋಡಿ. ಚಿಗುರಿದಾಗ ಸಣ್ಣ ಗೊಂಚಲಿನ ಮೊಳಕೆ ಕಾಣದಿದ್ದರೆ ಆ ವರ್ಷದ ಫಸಲಿಗೆ ಖರ್ಚು ಮಾಡುವ ಮುನ್ನ ಯೋಚಿಸಬಹುದು. ವಿಸ್ತರಣಾ ಕಾರ್ಯಕರ್ತರು ಇದನ್ನು ತಮ್ಮ ಕಚೇರಿಯಲ್ಲಿಯೇ ಮಾಡಿ ತೋರಿಸಬಹುದಾದಷ್ಟು ಸುಲಭ.

ಹಣ್ಣು ಕೊಂಡು ಬಳಸುವವರಿಗೆ

ಈ ಭಾಗದ ಸ್ವಸಹಾಯ ಸಂಘಗಳಿಗೆ ಮತ್ತು ಮನೆ ಉದ್ದಿಮೆದಾರರಿಗೆ ಬಳ್ಳಿಗಿಂತ ಹಣ್ಣೇ ಲಾಭದ ದಾರಿ ಎಂಬುದು ನಮ್ಮ ಅಭಿಪ್ರಾಯ. ಬೆಂಗಳೂರು ಬ್ಲೂ ವರ್ಷದ ಬಹುಕಾಲ ಮಂಗಳೂರಿನ ಮಾರುಕಟ್ಟೆಗೆ ಬರುತ್ತದೆ. ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು; ಈ ತಳಿ ಸಿಹಿಯಾಗುವುದಕ್ಕೆ ಎಷ್ಟೋ ಮೊದಲೇ ಕಪ್ಪಾಗುತ್ತದೆ. ಗೊಂಚಲಿನ ತುದಿಯ ಕಾಯಿ ಕೊನೆಗೆ ಮಾಗುವುದರಿಂದ ಅದನ್ನು ತಿಂದು ನೋಡಿ. ರಿಫ್ರಾಕ್ಟೋಮೀಟರ್ ಇದ್ದರೆ 16 ಬ್ರಿಕ್ಸ್‌ಗಿಂತ ಕಡಿಮೆಯಿರುವ ಹಣ್ಣನ್ನು ಬಿಟ್ಟುಬಿಡುವುದು ಒಳ್ಳೆಯದು. ಸೀಳಿದ, ಹುಳಿವಾಸನೆಯ ಕಾಯಿಗಳನ್ನು ಆರಿಸಿ ತೆಗೆಯಬೇಕು.

ಕಾನೂನಿನ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಮದ್ಯಸಾರವುಳ್ಳ ಪಾನೀಯದ ತಯಾರಿಕೆಗೂ ಮಾರಾಟಕ್ಕೂ ಪರವಾನಗಿ ಬೇಕು. ಹಬ್ಬದ ರೂಢಿ ಎಂಬ ಕಾರಣಕ್ಕೆ ಮನೆಯ ವೈನನ್ನು ಬಾಟಲಿಗೆ ತುಂಬಿ ಜಾತ್ರೆಯಲ್ಲಿ, ಅಂಗಡಿಯಲ್ಲಿ ಅಥವಾ ಮೊಬೈಲ್ ಮೂಲಕ ಮಾರುವುದು ಅಪರಾಧವಾಗುತ್ತದೆ. ಸಂಶಯವಿದ್ದವರು ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ.

ರಸ ಮತ್ತು ಸ್ಕ್ವಾಷ್‌ಗೆ ಈ ತೊಡಕಿಲ್ಲ. ಆಹಾರ ಸುರಕ್ಷತಾ ನೋಂದಣಿ ಇದ್ದರೆ ಸಾಕು. ಬೆಂಗಳೂರು ಬ್ಲೂವಿನ ಘಮ ಹುದುಗಿದ ವೈನ್‌ಗಿಂತ ತಾಜಾ ರಸದಲ್ಲಿಯೇ ಹೆಚ್ಚು ಹಿತವಾಗಿರುತ್ತದೆ ಎಂಬುದೂ ಗಮನಾರ್ಹ. ತೊಳೆದ ಕಾಯಿಗಳನ್ನು ಬೀಜ ಒಡೆಯದಂತೆ ಹಿಸುಕಿ, ಸ್ಟೀಲ್ ಪಾತ್ರೆಯಲ್ಲಿ 60–65 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಹದಿನೈದು ನಿಮಿಷ ಬಿಸಿಮಾಡಿದರೆ ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುತ್ತದೆ. ಕುದಿಸಬಾರದು, ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಬೇಡ. ಸೋಸಿದ ರಸವನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಹುಳಿಯ ಹರಳು ಮತ್ತು ಗಸಿ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು. ಸ್ಕ್ವಾಷ್‌ನಲ್ಲಿ ಕನಿಷ್ಠ ಶೇ. 25 ರಸ ಮತ್ತು 40 ಬ್ರಿಕ್ಸ್ ಇರಬೇಕೆಂಬುದು ನಿಯಮ. ಸಂರಕ್ಷಕವಾಗಿ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್ ಬಳಸಿದರೆ ಕೆಂಪು ಬಣ್ಣ ಮಾಸುತ್ತದೆ. ಆದುದರಿಂದ ನಿಗದಿತ ಮಿತಿಯೊಳಗೆ ಸೋಡಿಯಂ ಬೆಂಜೊಯೇಟ್ ಬಳಸಬೇಕು. ಪುನರ್ಪುಳಿಯ ಸಿರಪ್ ಮಾಡುವ ಮಹಿಳಾ ಗುಂಪುಗಳಿಗೆ ಈ ಕೆಲಸಕ್ಕೆ ಬೇಕಾದ ಪಾತ್ರೆ, ಬಾಟಲಿ ಸೀಲು ಮಾಡುವ ಯಂತ್ರ ಬೇರೆಯಾಗಿ ಕೊಳ್ಳಬೇಕಾಗಿಲ್ಲ. ಪುನರ್ಪುಳಿಯ ಕಾಲ ಮಾರ್ಚ್‌ನಿಂದ ಮೇ ವರೆಗೆ. ಉಳಿದ ತಿಂಗಳುಗಳಲ್ಲಿ ಆ ಸಲಕರಣೆ ಸುಮ್ಮನೆ ಕೂತಿರುತ್ತದೆ.